ಹೊಗಳಿಕೆ ಸಂಸ್ಕೃತದಲ್ಲಿ, ರಾಜ್ಯಭಾರ ಕನ್ನಡದಲ್ಲಿ: ಕಲ್ಯಾಣದ ವಿಕ್ರಮಾದಿತ್ಯನ ಐವತ್ತು ವರ್ಷ

(ಕನ್ನಡ ಯುವಕ ಯುವತಿಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿಕ್ರಮಾದಿತ್ಯ ಎಂದ ಕೂಡಲೇ ನಿಮಗೆ ಯಾರು ನೆನಪಾಗುತ್ತಾರೆ? ಹೆಗಲ ಮೇಲೆ ಹೆಣ ಹೊತ್ತು ಮಸಣದಲ್ಲಿ ನಡೆಯುವ ಉಜ್ಜಯಿನಿಯ ರಾಜ. ಅವನ ಬೆನ್ನ ಮೇಲೆ ಕಥೆ ಹೇಳುವ ಬೇತಾಳ. ಅದು ಕಥೆ. ಅವನು ಯಾವ ವರ್ಷ ಪಟ್ಟಕ್ಕೆ ಬಂದ, ಯಾವ ವರ್ಷ ಸತ್ತ ಎಂದು ಕೇಳಿದರೆ ಬೇತಾಳವೂ ಬಾಯಿ ಬಿಡುವುದಿಲ್ಲ.

ನಮ್ಮ ನೆಲದಲ್ಲೇ ಒಬ್ಬ ವಿಕ್ರಮಾದಿತ್ಯ ಇದ್ದ. ಅವನಿಗೆ ಊರಿದೆ, ಅಪ್ಪನಿದ್ದಾನೆ, ಅಣ್ಣ ತಮ್ಮಂದಿರಿದ್ದಾರೆ, ತೇದಿ ಇದೆ. 1076ರಲ್ಲಿ ಪಟ್ಟಕ್ಕೆ ಬಂದ. 1126ರವರೆಗೆ, ಐವತ್ತು ವರ್ಷ ಆಳಿದ. ಅವನ ಆಳ್ವಿಕೆಯ ಶಾಸನಗಳು ಧಾರವಾಡ, ಗದಗ, ಕೊಪ್ಪಳ, ಹಾವೇರಿ, ಶಿವಮೊಗ್ಗ, ಕಲಬುರಗಿ, ಬೀದರಗಳ ಊರೂರುಗಳಲ್ಲಿ ಇಂದಿಗೂ ನಿಂತಿವೆ. ಕೆಲವು ಗುಡಿಯ ಗೋಡೆಗೆ ಒರಗಿವೆ. ಕೆಲವು ಕೆರೆ ಏರಿಯ ಮೇಲೆ ಮಳೆಗೆ ನೆನೆಯುತ್ತಿವೆ. ಅವನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ. ತ್ರಿಭುವನಮಲ್ಲ ಎಂಬುದು ಬಿರುದು, ಪೆರ್ಮಾಡಿ ಎಂಬುದು ಇನ್ನೊಂದು ಹೆಸರು. ಬೇತಾಳದ ವಿಕ್ರಮ ಗೊತ್ತು, ಬೀದರ ಜಿಲ್ಲೆಯ ವಿಕ್ರಮ ಗೊತ್ತಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮನ್ನು ನೋಡಿಯೇ ಹುಟ್ಟಿರಬೇಕು.

ನಾನು ಇಲ್ಲಿಗೆ ಜೈಕಾರ ಹಾಕಿಸಲು ಬಂದಿಲ್ಲ. ರಾಜರ ಹೆಸರಿಗೆ ಚಪ್ಪಾಳೆ ತಟ್ಟಿ ಮನೆಗೆ ಹೋಗುವುದು ಸುಲಭ. ಈ ರಾಜ ಗದ್ದುಗೆ ಏರಿದ ರೀತಿಯಲ್ಲಿ ಮೆಚ್ಚಲಾಗದ ಸಂಗತಿ ಇದೆ, ಅದನ್ನೂ ಹೇಳುತ್ತೇನೆ. ಆದರೆ ಅವನ ಆಳ್ವಿಕೆಯಿಂದ ನಾವು ಕಲಿಯಬೇಕಾದ ಒಂದು ಮಾತಿದೆ. ಕನ್ನಡದ ಕೆಲಸ ಮಾಡುವವರಿಗೆ ಅದು ಮುಖ್ಯವಾದ ಮಾತು. ಅದಕ್ಕೆ ಕೊನೆಗೆ ಬರುತ್ತೇನೆ.

ಅಪ್ಪ ಕಟ್ಟಿದ ಕಲ್ಯಾಣ

ವಿಕ್ರಮಾದಿತ್ಯನ ಅಪ್ಪ ಒಂದನೆಯ ಸೋಮೇಶ್ವರ. ಆಹವಮಲ್ಲ ಎಂದು ಬಿರುದು. 1042ರಿಂದ 1068ರವರೆಗೆ ಆಳಿದವನು. ಈಗ ಬಸವಕಲ್ಯಾಣ ಎನ್ನುತ್ತೇವಲ್ಲ, ಆ ಕಲ್ಯಾಣವನ್ನು ದೊಡ್ಡ ರಾಜಧಾನಿ ಮಾಡಿದವನು ಅವನೇ. ಅವನ ಬದುಕೆಲ್ಲ ಚೋಳರ ಜತೆಗಿನ ಕಾದಾಟದಲ್ಲೇ ಕಳೆಯಿತು. ಚೋಳ ರಾಜಾಧಿರಾಜ ಕಲ್ಯಾಣಕ್ಕೆ ನುಗ್ಗಿ ಊರನ್ನು ಸುಟ್ಟ. ಅಲ್ಲಿಂದ ಒಂದು ದ್ವಾರಪಾಲಕನ ವಿಗ್ರಹವನ್ನು ಕಿತ್ತು ತಮಿಳುನಾಡಿಗೆ ಸಾಗಿಸಿದ. ಕಲ್ಯಾಣಪುರವನ್ನು ಸುಟ್ಟು ತಂದದ್ದು ಎಂದು ಅದರ ಮೇಲೆ ತಮಿಳಿನಲ್ಲಿ ಕೆತ್ತಿಸಿದ. ಆ ವಿಗ್ರಹ ಕುಂಭಕೋಣದ ಹತ್ತಿರದ ದಾರಾಸುರದಲ್ಲಿ ಸಿಕ್ಕಿತು.

ಚಾಲುಕ್ಯರೇನೂ ಸುಮ್ಮನೆ ಕೂರಲಿಲ್ಲ. 1054ರ ಸುಮಾರಿಗೆ ಕೊಪ್ಪಂ ಎಂಬಲ್ಲಿ ನಡೆದ ಯುದ್ಧದಲ್ಲಿ ಅದೇ ರಾಜಾಧಿರಾಜ ಆನೆಯ ಮೇಲೆಯೇ ಸತ್ತ. ಅವನ ತಮ್ಮ ರಣರಂಗದಲ್ಲೇ ಕಿರೀಟ ಧರಿಸಿ ಚದುರಿದ ಸೈನ್ಯವನ್ನು ಮತ್ತೆ ನಿಲ್ಲಿಸಿದ. ಎರಡೂ ಕಡೆಯವರು ಶೂರರೇ. ಎರಡೂ ಕಡೆ ಸುಟ್ಟು ಬೂದಿಯಾದದ್ದು ಮಾತ್ರ ರೈತನ ಬಣವೆ.

1068ರಲ್ಲಿ ಸೋಮೇಶ್ವರನಿಗೆ ವಾಸಿಯಾಗದ ಜ್ವರ ಬಂತು. ವೈದ್ಯರು ಕೈಚೆಲ್ಲಿದರು. ಅವನು ತುಂಗಭದ್ರೆಯ ದಂಡೆಯ ಕುರುವತ್ತಿಗೆ ಹೋಗಿ, ನದಿಗಿಳಿದು, ನೀರಿನಲ್ಲೇ ಪ್ರಾಣ ಬಿಟ್ಟ. ಕುರುವತ್ತಿಯ ಮಲ್ಲಿಕಾರ್ಜುನ ಗುಡಿ ಇಂದಿಗೂ ಇದೆ. ಬಸ್ಸಿನಲ್ಲಿ ಹೋಗಿ ನೋಡಿ ಬರಬಹುದು.

ಅಣ್ಣ ತಮ್ಮಂದಿರ ಕಥೆ

ಅಪ್ಪನ ನಂತರ ಹಿರಿಯ ಮಗ ಎರಡನೆಯ ಸೋಮೇಶ್ವರ ಪಟ್ಟಕ್ಕೆ ಬಂದ. ಭುವನೈಕಮಲ್ಲ ಎಂದು ಅವನ ಬಿರುದು. ವಿಕ್ರಮಾದಿತ್ಯ ಅವನ ತಮ್ಮ. ಅಪ್ಪನ ಕಾಲದಿಂದಲೂ ಯುದ್ಧಗಳಲ್ಲಿ ಮುಂದಿದ್ದವನು, ದಕ್ಷಿಣದ ಪ್ರಾಂತಗಳನ್ನು ನೋಡಿಕೊಂಡವನು. ಅಣ್ಣ ತಮ್ಮಂದಿರಿಗೆ ಬೇಗನೆ ಮುರಿಯಿತು. ವಿಕ್ರಮಾದಿತ್ಯ ಕಲ್ಯಾಣ ಬಿಟ್ಟು ಹೊರಟ. ಹೊರಟವನು ಯಾರ ಜತೆ ಸೇರಿದ ಗೊತ್ತೆ? ಅಪ್ಪ ಜೀವಮಾನವೆಲ್ಲ ಕಾದಾಡಿದ ಚೋಳರ ಜತೆಗೆ. ಚೋಳ ವೀರರಾಜೇಂದ್ರನ ಮಗಳನ್ನು ಮದುವೆಯಾದ.

1070ರಲ್ಲಿ ವೀರರಾಜೇಂದ್ರ ತೀರಿಕೊಂಡ. ವಿಕ್ರಮಾದಿತ್ಯ ಕಂಚಿಗೆ ಹೋಗಿ ತನ್ನ ಭಾವಮೈದುನ ಅಧಿರಾಜೇಂದ್ರನನ್ನು ಗದ್ದುಗೆಯ ಮೇಲೆ ಕೂರಿಸಿ ಬಂದ. ಅವನು ಹೆಚ್ಚು ದಿನ ಉಳಿಯಲಿಲ್ಲ. ವೆಂಗಿಯ ಪೂರ್ವ ಚಾಲುಕ್ಯ ವಂಶದ ರಾಜೇಂದ್ರ ಎಂಬವನು ಕುಲೋತ್ತುಂಗ ಚೋಳ ಎಂಬ ಹೆಸರಿನಲ್ಲಿ ಚೋಳ ಗದ್ದುಗೆ ಹಿಡಿದ. ಈಗ ಕಲ್ಯಾಣದ ಅಣ್ಣ ಆ ಕುಲೋತ್ತುಂಗನ ಜತೆ ಕೈಜೋಡಿಸಿದ. ತಮ್ಮನ ಬೆನ್ನಿಗೆ ಹೊಯ್ಸಳರು, ಸೇವುಣರು, ಗೋವೆಯ ಕದಂಬರು ನಿಂತರು. 1076ರಲ್ಲಿ ತಮ್ಮ ಗೆದ್ದ. ಅಣ್ಣನನ್ನು ಸೆರೆಗೆ ಹಾಕಿ ತಾನು ಪಟ್ಟವೇರಿದ.

ಇದು ನಡೆದದ್ದು. ಇದಕ್ಕೆ ಸುಣ್ಣ ಬಣ್ಣ ಬಳಿದವನು ಬಿಲ್ಹಣ. ಕಾಶ್ಮೀರದ ಕವಿ. ಶ್ರೀನಗರದ ಹತ್ತಿರದ ಹಳ್ಳಿಯವನು. ಮಥುರೆ, ಕನೌಜ, ಪ್ರಯಾಗ, ಕಾಶಿ, ಸೋಮನಾಥ ಎಂದು ಆಸರೆ ಹುಡುಕಿ ಊರೂರು ಅಲೆದು, ಕೊನೆಗೆ ಕಲ್ಯಾಣಕ್ಕೆ ಬಂದ. ವಿಕ್ರಮಾದಿತ್ಯ ಅವನಿಗೆ ವಿದ್ಯಾಪತಿ ಎಂಬ ಪದವಿ ಕೊಟ್ಟ. ಕಾಶ್ಮೀರದ ಇತಿಹಾಸ ಬರೆದ ಕಲ್ಹಣನೂ ಈ ಸಂಗತಿಯನ್ನು ಹೇಳಿದ್ದಾನೆ. ಬಿಲ್ಹಣ ಹದಿನೆಂಟು ಸರ್ಗಗಳ ಸಂಸ್ಕೃತ ಕಾವ್ಯ ಬರೆದ. ಅದೇ ವಿಕ್ರಮಾಂಕದೇವಚರಿತ. ಅದರ ಪ್ರಕಾರ ಯುವರಾಜ ಪಟ್ಟ ಕೊಡುತ್ತೇನೆಂದು ಅಪ್ಪ ಹೇಳಿದಾಗ ಅಣ್ಣನಿರುವಾಗ ನನಗೆ ಬೇಡ ಎಂದವನು ವಿಕ್ರಮಾದಿತ್ಯ. ಅಣ್ಣನ ಮೇಲೆ ಕೈ ಮಾಡಲು ಅವನಿಗೆ ಮನಸ್ಸೇ ಇರಲಿಲ್ಲ, ಶಿವನೇ ಅಪ್ಪಣೆ ಕೊಡಿಸಿದ. ಆಸ್ಥಾನ ಕವಿಯ ಕೆಲಸವೇ ಅದು. ಅನ್ನ ಹಾಕಿದವನ ಅಂಗಿಯ ಕಲೆ ಒಗೆಯಬೇಕು.

ಇದನ್ನು ಮುಚ್ಚಿಡದೆ ಹೇಳುವುದಕ್ಕೆ ಕಾರಣವಿದೆ. ನಮ್ಮ ಇತಿಹಾಸವನ್ನು ನಾವು ಹೆದರದೆ ಓದಬೇಕು. ಕಲೆಯನ್ನು ಮುಚ್ಚಿದವನಿಗೆ ಹೊಳಪನ್ನು ತೋರಿಸುವ ಅಧಿಕಾರವೂ ಇರುವುದಿಲ್ಲ.

ಹೊಸ ಲೆಕ್ಕ

ಪಟ್ಟಕ್ಕೆ ಬಂದ ಕೂಡಲೇ ಅವನು ಒಂದು ದಿಟ್ಟ ಕೆಲಸ ಮಾಡಿದ. ಅಲ್ಲಿಯವರೆಗೆ ಶಾಸನಗಳಲ್ಲಿ ಶಕ ವರ್ಷ ಬರೆಯುತ್ತಿದ್ದರು. ಅದನ್ನು ಬದಿಗಿಟ್ಟು ತನ್ನ ಹೆಸರಿನ ಹೊಸ ವರ್ಷವನ್ನು ಶುರುಮಾಡಿದ. ಅದೇ ಚಾಲುಕ್ಯ ವಿಕ್ರಮ ವರ್ಷ. 1076 ಅದರ ಒಂದನೇ ವರ್ಷ.

ನಿಮಗೊಂದು ಸುಲಭ ಲೆಕ್ಕ ಹೇಳಿಕೊಡುತ್ತೇನೆ. ಯಾವುದೇ ಕಲ್ಲಿನಲ್ಲಿ ಚಾಲುಕ್ಯ ವಿಕ್ರಮ ವರ್ಷ ಇಷ್ಟು ಎಂದಿದ್ದರೆ ಅದಕ್ಕೆ 1075 ಕೂಡಿಸಿ. ನಮ್ಮ ಇಸವಿ ಬರುತ್ತದೆ. ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯದ ಶಾಸನ 37ನೇ ವರ್ಷದ್ದು. 1075 ಕೂಡಿಸಿದರೆ 1112. ಗದಗ ಜಿಲ್ಲೆಯ ಡಂಬಳದ ಒಂದು ಶಾಸನ 20ನೇ ವರ್ಷದ್ದು. ಅಂದರೆ 1095. ಇಷ್ಟು ಗೊತ್ತಿದ್ದರೆ ಸಾಕು, ಯಾವುದೋ ಹಳ್ಳಿಯ ಗುಡಿಯ ಮುಂದೆ ನಿಂತ ಕಲ್ಲು ನಿಮಗೆ ತನ್ನ ವಯಸ್ಸು ಹೇಳುತ್ತದೆ. ಆ ಲೆಕ್ಕ ನಿಲ್ಲದೆ ನಡೆದಿದ್ದರೆ 2026 ಅದರ 951ನೇ ವರ್ಷವಾಗುತ್ತಿತ್ತು.

ಐವತ್ತು ವರ್ಷದ ಆಳ್ವಿಕೆ

ಅವನ ಕಾಲವೆಲ್ಲ ಶಾಂತಿಯ ಕಾಲ ಎಂದರೆ ಸುಳ್ಳಾಗುತ್ತದೆ. ಬನವಾಸಿಯನ್ನು ನೋಡಿಕೊಳ್ಳಲು ಬಿಟ್ಟ ತಮ್ಮ ಜಯಸಿಂಹನೇ ತಿರುಗಿಬಿದ್ದ. ಅಣ್ಣನಿಗೆ ತಾನು ಮಾಡಿದ್ದನ್ನು ತಮ್ಮ ತನಗೆ ಮಾಡಲು ಬಂದ. ಅವನನ್ನು ಸೋಲಿಸಿ ಸೆರೆ ಹಿಡಿಯಬೇಕಾಯಿತು. ಕೊನೆಗಾಲದಲ್ಲಿ ಹೊಯ್ಸಳ ವಿಷ್ಣುವರ್ಧನ ಎದ್ದ. ಚೋಳರಿಂದ ತಲಕಾಡನ್ನು ಗೆದ್ದುಕೊಂಡ ವಿಷ್ಣುವರ್ಧನ ಉತ್ತರಕ್ಕೂ ಕೈ ಚಾಚಿದ. 1118ರಲ್ಲಿ ಕಣ್ಣೆಗಾಲದಲ್ಲಿ ಅವನ ದಂಡನಾಯಕ ಗಂಗರಾಜ ಚಾಲುಕ್ಯರ ಸೈನ್ಯವನ್ನು ಚದುರಿಸಿದ. ಆಗ ಚಾಲುಕ್ಯರ ಕಡೆ ನಿಂತು ಹೊಯ್ಸಳರನ್ನು ಹಿಂದಕ್ಕೆ ತಳ್ಳಿದವನು ಯಲಬುರ್ಗಿಯ ಸಿಂದರ ಆಚುಗಿ. ಸುಮಾರು ಅದೇ ಹೊತ್ತಿಗೆ ಪೂರ್ವದಲ್ಲಿ ವೆಂಗಿ ಚಾಲುಕ್ಯರ ಕೈಗೆ ಬಂತು. ಗೋದಾವರಿ ಬಯಲಿನ ದ್ರಾಕ್ಷಾರಾಮದಲ್ಲೂ ಚಾಲುಕ್ಯ ವಿಕ್ರಮ ವರ್ಷ ಬರೆದ ಶಾಸನಗಳಿವೆ.

ಇಷ್ಟು ದೊಡ್ಡ ರಾಜ್ಯವನ್ನು ಒಬ್ಬ ಮನುಷ್ಯ ಕಲ್ಯಾಣದಲ್ಲಿ ಕೂತು ಐವತ್ತು ವರ್ಷ ನಡೆಸಿದ್ದು ಹೇಗೆ? ಕತ್ತಿಯೊಂದರಿಂದಲೇ ಅದು ಆಗುವುದಿಲ್ಲ. ಕತ್ತಿ ಗೆಲ್ಲಿಸುತ್ತದೆ, ನಡೆಸುವುದು ಲೆಕ್ಕಪತ್ರ. ಊರಿಗೆ ಗಾವುಂಡ, ನಾಡಿಗೆ ನಾಳ್ಗಾವುಂಡ, ಲೆಕ್ಕಕ್ಕೆ ಸೇನಬೋವ, ಮೇಲ್ವಿಚಾರಣೆಗೆ ಪೆರ್ಗಡೆ, ಅವರ ಮೇಲೆ ದಂಡನಾಯಕ. ಈ ಹೆಸರುಗಳನ್ನು ಗಟ್ಟಿಯಾಗಿ ಹೇಳಿ ನೋಡಿ. ಗಾವುಂಡ ಗೌಡನಾದ. ನಾಳ್ಗಾವುಂಡ ನಾಡಗೌಡನಾದ. ಸೇನಬೋವ ಶಾನುಭೋಗನಾದ. ಪೆರ್ಗಡೆ ಹೆಗಡೆಯಾದ. ಇಲ್ಲಿ ಕೂತಿರುವ ಹಲವರ ಹೆಸರಿನ ಬಾಲದಲ್ಲೇ ಆ ಆಡಳಿತ ಇನ್ನೂ ನೇತಾಡುತ್ತಿದೆ.

ರಾಣಿಯರೂ ಆಳಿದರು. ಡಂಬಳದ 1095ರ ಶಾಸನದಲ್ಲಿ ರಾಣಿ ಲಕ್ಷ್ಮಾದೇವಿ ಹದಿನೆಂಟು ಅಗ್ರಹಾರಗಳನ್ನೂ ಆ ಪಟ್ಟಣವನ್ನೂ ಆಳುತ್ತಿದ್ದಳು ಎಂದಿದೆ. ಅದೇ ಶಾಸನ ಇನ್ನೊಂದು ಸಂಗತಿ ಹೇಳುತ್ತದೆ. ಊರಿನ ಹದಿನಾರು ಸೆಟ್ಟಿಗಳು ಸೇರಿ ಬುದ್ಧನಿಗೆ ಒಂದು ವಿಹಾರ ಕಟ್ಟಿಸಿದ್ದರು. ಲಕ್ಕುಂಡಿಯ ಸೆಟ್ಟಿಯೊಬ್ಬ ತಾರಾದೇವಿಗೆ ಇನ್ನೊಂದು ವಿಹಾರ ಕಟ್ಟಿಸಿದ್ದ. ಅವುಗಳ ಖರ್ಚಿಗೆ ದತ್ತಿ ಬಿಟ್ಟರು. ಬೌದ್ಧರು ಈ ನಾಡಿನಿಂದ ಯಾವಾಗಲೋ ಹೋಗಿಬಿಟ್ಟಿದ್ದರು ಎಂದು ತಿಳಿದವರು ಈ ಕಲ್ಲನ್ನು ನೋಡಬೇಕು. ಶೈವ ಮಠ, ಜೈನ ಬಸದಿ, ವಿಷ್ಣುವಿನ ಗುಡಿ, ಬುದ್ಧ ವಿಹಾರ ಎಲ್ಲವೂ ಒಂದೇ ರಾಜ್ಯದಲ್ಲಿ ಅಕ್ಕಪಕ್ಕ ನಿಂತಿದ್ದವು.

ಇಟಗಿಯ ದೇವಾಲಯ ಕಟ್ಟಿಸಿದವನು ರಾಜನಲ್ಲ. ಅವನ ದಂಡನಾಯಕ ಮಹಾದೇವ. ಅಲ್ಲಿಯ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ನೋಡಿದವರು ಅದು ಬರೀ ಜಂಬವಲ್ಲ ಎನ್ನುತ್ತಾರೆ. ಆ ಕಲ್ಲಿನ ಕಂಬಗಳನ್ನು ತಿರುಗಣಿಯಲ್ಲಿ ಕಡೆದ ನುಣುಪು ಒಂಬೈನೂರು ವರ್ಷದ ನಂತರವೂ ಕೈಗೆ ಹತ್ತುತ್ತದೆ.

ಎರಡು ಭಾಷೆ, ಎರಡು ಕೆಲಸ

ಈಗ ನಾನು ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ಸ್ವಲ್ಪ ಗಮನವಿಟ್ಟು ಕೇಳಿ.

ವಿಕ್ರಮಾದಿತ್ಯನ ಆಸ್ಥಾನದಲ್ಲಿ ಹೆಸರು ಮಾಡಿದ ಪಂಡಿತರು ಬರೆದದ್ದು ಸಂಸ್ಕೃತದಲ್ಲಿ. ಬಿಲ್ಹಣನ ಕಾವ್ಯ ಸಂಸ್ಕೃತ. ವಿಜ್ಞಾನೇಶ್ವರ ಬರೆದ ಮಿತಾಕ್ಷರ ಸಂಸ್ಕೃತ. ಮಿತಾಕ್ಷರ ಸಣ್ಣ ಪುಸ್ತಕವಲ್ಲ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಆ ವ್ಯಾಖ್ಯಾನ ಭಾರತದ ಬಹುಭಾಗದಲ್ಲಿ ಹಿಂದೂಗಳ ಆಸ್ತಿ ಹಂಚಿಕೆಗೆ ಆಧಾರವಾಯಿತು. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷರ ಕೋರ್ಟುಗಳೂ ಅದನ್ನೇ ಹಿಡಿದವು. ಹುಟ್ಟಿದ ಕೂಡಲೇ ಮಗನಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಎಂಬ ಮಾತು ಅದರದ್ದು. ಮಗಳಿಗೂ ಆ ಹಕ್ಕು ಸಿಗಲು 1994ರ ಕರ್ನಾಟಕದ ತಿದ್ದುಪಡಿ, ಆಮೇಲೆ ಇಡೀ ದೇಶಕ್ಕೆ 2005ರ ತಿದ್ದುಪಡಿ ಬರಬೇಕಾಯಿತು. ಕಲ್ಯಾಣದಲ್ಲಿ ಬರೆದ ಪುಸ್ತಕದ ಜತೆ ದೇಶದ ಕಾನೂನು ಒಂಬೈನೂರು ವರ್ಷ ವಾದ ಮಾಡಿದೆ. ವಿಜ್ಞಾನೇಶ್ವರ ಪುಸ್ತಕದ ಕೊನೆಗೆ ಕಲ್ಯಾಣದಂಥ ಊರಿಲ್ಲ, ವಿಕ್ರಮಾರ್ಕನಂಥ ರಾಜನಿಲ್ಲ ಎಂದು ಹೊಗಳಿ ಮುಗಿಸಿದ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಬರೆದ ಮಾನಸೋಲ್ಲಾಸವೂ ಸಂಸ್ಕೃತ. ಬೀದರ ಜಿಲ್ಲೆಯ ಜಲಸಂಗಿಯ ಗುಡಿಯ ಹೊರಗೋಡೆಯಲ್ಲಿ ಒಬ್ಬ ಕಲ್ಲಿನ ಚೆಲುವೆ ನಿಂತು ವಿಕ್ರಮಾದಿತ್ಯನ ಹೊಗಳಿಕೆಯ ಸಾಲು ಬರೆಯುತ್ತಿದ್ದಾಳೆ. ಅವಳು ಬರೆದದ್ದೂ ಸಂಸ್ಕೃತವೇ.

ಹಾಗಾದರೆ ಕನ್ನಡ ಎಲ್ಲಿತ್ತು?

ಕನ್ನಡ ಕೆಲಸದಲ್ಲಿತ್ತು. ಶಾಸನದ ತಲೆಯಲ್ಲಿ ಒಂದು ಸಂಸ್ಕೃತ ಶ್ಲೋಕ ಇರುತ್ತದೆ, ಕೊನೆಗೆ ದತ್ತಿ ಕಿತ್ತುಕೊಂಡವನಿಗೆ ಶಾಪ ಹಾಕುವ ಇನ್ನೊಂದು ಶ್ಲೋಕ ಇರುತ್ತದೆ. ನಡುವೆ ಇರುವುದು ನಿಜವಾದ ವಿಷಯ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಮತ್ತರು ಹೊಲ, ಮೂಡಣ ಎಲ್ಲೆ ಯಾವ ಹಳ್ಳ, ಪಡುವಣ ಎಲ್ಲೆ ಯಾವ ಬಂಡೆ, ಎಷ್ಟು ಗದ್ಯಾಣ, ಗಾಣಕ್ಕೆ ಎಷ್ಟು ಎಣ್ಣೆ. ಅದೆಲ್ಲ ಕನ್ನಡ. ತೆರಿಗೆಯ ಹೆಸರುಗಳು ಪೆರ್ಜುಂಕ, ಬಿಲ್ಕೊಡೆ ಎಂದು ಕನ್ನಡ. ಚಾಲುಕ್ಯ ಶಾಸನಗಳಲ್ಲಿ ಕನ್ನಡ ಸಂಧಿವಿಗ್ರಹಿ ಎಂಬ ಒಂದು ಹುದ್ದೆಯೇ ಬರುತ್ತದೆ. ಸಂಧಿವಿಗ್ರಹಿ ಎಂದರೆ ಯುದ್ಧ, ಒಪ್ಪಂದಗಳ ವಿಚಾರ ನೋಡುವ ದೊಡ್ಡ ಅಧಿಕಾರಿ. ಅವನ ಹುದ್ದೆಯ ಹೆಸರಿನಲ್ಲೇ ಕನ್ನಡವಿತ್ತು.

ಅರಮನೆಯ ಹೊರಗೂ ಕನ್ನಡ ಸುಮ್ಮನಿರಲಿಲ್ಲ. ಗದಗದ ಹತ್ತಿರದ ಮುಳಗುಂದದಲ್ಲಿ ಕೂತು 1112ರ ಸುಮಾರಿಗೆ ನಯಸೇನ ಧರ್ಮಾಮೃತ ಬರೆದ. ಸಂಸ್ಕೃತದಲ್ಲಿ ಹೇಳುವುದಾದರೆ ಸಂಸ್ಕೃತದಲ್ಲೇ ಹೇಳಿ, ಕನ್ನಡದೊಳಗೆ ಅದನ್ನು ತುರುಕಬೇಡಿ, ತುಪ್ಪಕ್ಕೆ ಎಣ್ಣೆ ಬೆರೆಸುತ್ತಾರೆಯೆ ಎಂದು ಅವನು ಕೇಳಿದ್ದು ಇದೇ ವಿಕ್ರಮಾದಿತ್ಯನ ಕಾಲದಲ್ಲಿ. ಚಾಲುಕ್ಯ ಮನೆತನದ ಕೀರ್ತಿವರ್ಮ ಗೋವೈದ್ಯ ಬರೆದ. ದನಕರುಗಳ ಕಾಯಿಲೆಗೆ ಮದ್ದು ಹೇಳುವ ಪುಸ್ತಕ. ಅದು ಕನ್ನಡದಲ್ಲಿ. ರಾಜಮನೆತನದವನಿಗೂ ಗೊತ್ತಿತ್ತು, ಕೊಟ್ಟಿಗೆಯಲ್ಲಿ ಎತ್ತು ಮಲಗಿದಾಗ ರೈತನಿಗೆ ಅರ್ಥವಾಗುವ ಮಾತು ಯಾವುದು ಎಂದು.

ಇನ್ನೊಂದು ಸಂಗತಿ ನೋಡಿ. ಬಿಲ್ಹಣನ ಕಾವ್ಯ ಬರೆದದ್ದು 1080ರ ದಶಕದಲ್ಲಿ. ಅದರ ನಂತರ ವಿಕ್ರಮಾದಿತ್ಯ ಇನ್ನೂ ಸುಮಾರು ನಲವತ್ತು ವರ್ಷ ಆಳಿದ. ಆ ನಲವತ್ತು ವರ್ಷದ ಬಗ್ಗೆ ಬಿಲ್ಹಣ ಏನೂ ಹೇಳಲಾರ. ಅವನ ಕಾವ್ಯವೇ ಕಣ್ಮರೆಯಾಗಿ, 1874ರಲ್ಲಿ ಬ್ಯೂಲರ್ ಎಂಬ ಜರ್ಮನ್ ಪಂಡಿತನಿಗೆ ರಾಜಸ್ಥಾನದ ಜೈಸಲ್ಮೇರಿನ ಜೈನ ಭಂಡಾರದಲ್ಲಿ ತಾಳೆಗರಿಯ ಪ್ರತಿಯಾಗಿ ಸಿಕ್ಕಿತು. ಮರು ವರ್ಷ ಅಚ್ಚಾಯಿತು. ಆದರೆ ವಿಕ್ರಮಾದಿತ್ಯನ ರಾಜ್ಯ ಹೇಗೆ ನಡೆಯಿತು ಎಂಬುದನ್ನು ಧಾರವಾಡ ಸೀಮೆಯಲ್ಲಿ ಫ್ಲೀಟ್, ಮೈಸೂರು ಸೀಮೆಯಲ್ಲಿ ರೈಸ್, ಅವರ ನಂತರ ಪಂಚಮುಖಿ, ಪಿ.ಬಿ.ದೇಸಾಯಿ ಮುಂತಾದ ನಮ್ಮವರು ತಿಳಿದದ್ದು ಮುಖ್ಯವಾಗಿ ಕನ್ನಡ ಕಲ್ಲುಗಳಿಂದ. ಹೊಗಳಿದ ಭಾಷೆ ರಾಜನ ಹತ್ತು ವರ್ಷವನ್ನು ಉಳಿಸಿತು. ಲೆಕ್ಕ ಬರೆದ ಭಾಷೆ ಐವತ್ತು ವರ್ಷವನ್ನೂ ಉಳಿಸಿತು.

ಇದು ಸಂಸ್ಕೃತವನ್ನು ಹಳಿಯುವ ಮಾತಲ್ಲ. ಬಿಲ್ಹಣ ದೊಡ್ಡ ಕವಿ, ಮಿತಾಕ್ಷರ ದೊಡ್ಡ ಗ್ರಂಥ. ಅವು ನಮ್ಮ ನೆಲದಲ್ಲಿ ಹುಟ್ಟಿದ್ದು ನಮಗೆ ಹೆಮ್ಮೆ. ನಾನು ಹೇಳುತ್ತಿರುವುದು ಇಷ್ಟೇ: ಒಂದು ಭಾಷೆ ಬದುಕುವುದು ಸಿಂಹಾಸನದ ಮುಂದೆ ಹಾಡಿಸಿಕೊಂಡು ಅಲ್ಲ. ಹೊಲದ ಎಲ್ಲೆ, ಸುಂಕದ ಕಟ್ಟೆ, ಸಾಲದ ಪತ್ರ, ನ್ಯಾಯದ ತೀರ್ಪುಗಳಲ್ಲಿ ಅದು ಬದುಕುತ್ತದೆ.

ಕಲ್ಯಾಣದಲ್ಲಿ ಮುಂದೆ ಆದದ್ದು

1126ರಲ್ಲಿ ವಿಕ್ರಮಾದಿತ್ಯ ತೀರಿಕೊಂಡ. ನಂತರದವರ ಕೈಯಲ್ಲಿ ರಾಜ್ಯ ನಿಲ್ಲಲಿಲ್ಲ. 1157ರ ಸುಮಾರಿಗೆ ಕಳಚುರಿ ಬಿಜ್ಜಳ ಕಲ್ಯಾಣವನ್ನು ಹಿಡಿದ. ಅದೇ ಕಲ್ಯಾಣದಲ್ಲಿ, ಅದೇ ಬೀದಿಗಳಲ್ಲಿ ಬಸವಣ್ಣ, ಅಲ್ಲಮ, ಅಕ್ಕಮಹಾದೇವಿ ಮತ್ತು ನೂರಾರು ಶರಣರು ಕೂಡಿದರು. ಬಸವಣ್ಣ ಬಿಜ್ಜಳನಲ್ಲಿ ಭಂಡಾರದ ಲೆಕ್ಕ ನೋಡುತ್ತಿದ್ದವನು. ಅಂಬಿಗ, ಮಡಿವಾಳ, ಸಮಗಾರ, ಸೂಳೆ ಎಲ್ಲರೂ ಕನ್ನಡದಲ್ಲಿ ಮಾತಾಡಿದರು, ಆ ಮಾತೇ ವಚನವಾಯಿತು.

ಅಷ್ಟು ದೊಡ್ಡ ವಿಚಾರಗಳನ್ನು ಅಷ್ಟು ಸರಳವಾದ ಕನ್ನಡ ಹೊತ್ತದ್ದು ಹೇಗೆ ಎಂದು ನಾವು ಬೆರಗಾಗುತ್ತೇವೆ. ನನಗೆ ಅನ್ನಿಸುವುದು ಇದು. ಆ ಕನ್ನಡಕ್ಕೆ ಆಗಲೇ ತಲೆಮಾರುಗಳ ಕೆಲಸದ ಅಭ್ಯಾಸವಿತ್ತು. ಅಳೆದು, ತೂಗಿ, ಕೊಟ್ಟು, ಪಡೆದು, ವಾದಿಸಿ ಗಟ್ಟಿಯಾಗಿದ್ದ ಭಾಷೆ ಅದು. ದುಡಿದು ಗಟ್ಟಿಯಾದ ರಟ್ಟೆ ಭಾರ ಎತ್ತಿತು. ಪೂಜೆಗೆ ಮಾತ್ರ ಇಟ್ಟ ಭಾಷೆಗೆ ಅಷ್ಟು ಭಾರ ಎತ್ತಲು ಆಗುತ್ತಿರಲಿಲ್ಲ.

ನಮ್ಮ ಲೆಕ್ಕ ತಲೆಕೆಳಗು

ಈಗ ನಮ್ಮನ್ನು ನೋಡಿಕೊಳ್ಳೋಣ. ವಿಕ್ರಮಾದಿತ್ಯನ ಕಾಲದಲ್ಲಿ ಹೊಗಳಿಕೆ ಬೇರೆ ಭಾಷೆಯಲ್ಲಿತ್ತು, ವ್ಯವಹಾರ ಕನ್ನಡದಲ್ಲಿತ್ತು. ನಮ್ಮ ಕಾಲದಲ್ಲಿ ಅದು ತಲೆಕೆಳಗಾಗಿದೆ. ಹೊಗಳಿಕೆ ಕನ್ನಡದಲ್ಲಿ, ವ್ಯವಹಾರ ಬೇರೆ ಭಾಷೆಯಲ್ಲಿ. ನವೆಂಬರ್ ಬಂದರೆ ಬೀದಿ ಬೀದಿಗೆ ಬಾವುಟ, ಆರ್ಕೆಸ್ಟ್ರಾ, ಶಾಲು, ಹಾರ, ಭುವನೇಶ್ವರಿಗೆ ಆರತಿ. ಮರುದಿನ ಬ್ಯಾಂಕಿಗೆ ಹೋದರೆ ಚಲನ್ ತುಂಬಲು ಅಜ್ಜಿ ಯಾರದೋ ಮಗನನ್ನು ಕಾಡಬೇಕು. ಔಷಧಿ ಚೀಟಿ ಕನ್ನಡದಲ್ಲಿಲ್ಲ, ವಿಮೆಯ ಪತ್ರ ಕನ್ನಡದಲ್ಲಿಲ್ಲ, ಬಾಡಿಗೆ ಕರಾರು ಕನ್ನಡದಲ್ಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!

ಕಾನೂನು ಇಲ್ಲವೆಂದಲ್ಲ. 1963ರಲ್ಲೇ ರಾಜಭಾಷಾ ಅಧಿನಿಯಮ ಬಂತು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿಯ ಮಸೂದೆಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಕಾನೂನು ಕಾಗದದ ಮೇಲಿದೆ. ಅದನ್ನು ಕೌಂಟರಿನ ಮೇಲೆ ತಂದು ಇಡಬೇಕಾದವರು ನಾವು, ಅದನ್ನು ಕೇಳುವವರು.

ಡಂಬಳದ ಸೆಟ್ಟಿ ಬುದ್ಧನಿಗೆ ಕೊಟ್ಟ ದತ್ತಿಯನ್ನು ಊರವರೆಲ್ಲರಿಗೂ ಗೊತ್ತಾಗಲಿ ಎಂದು ಕನ್ನಡದಲ್ಲಿ ಬರೆಸಿದ. ಗೊತ್ತಾದರೆ ಮಾತ್ರ ಅದನ್ನು ಯಾರೂ ಕದಿಯುವಂತಿಲ್ಲ ಎಂಬುದು ಅವನ ತಿಳಿವಳಿಕೆ. ಜನರ ಭಾಷೆಯಲ್ಲಿ ಬರೆದ ಪತ್ರ ಜನರ ಕಾವಲಿನಲ್ಲಿರುತ್ತದೆ. ನಮಗೆ ಓದಲು ಬಾರದ ಭಾಷೆಯಲ್ಲಿ ನಮ್ಮ ಸಹಿ ಹಾಕಿಸಿಕೊಳ್ಳುವವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು.

ಮಾಡಬೇಕಾದ್ದು

ಭಾಷಣ ಕೇಳಿ ಚಹಾ ಕುಡಿದು ಹೋಗಬೇಡಿ. ಎರಡು ಕೆಲಸ ಹೇಳುತ್ತೇನೆ.

ಮೊದಲನೆಯದು ಕಲ್ಲಿನ ಕೆಲಸ. ನಿಮ್ಮ ತಾತನ ಊರಿಗೆ ಹೋದಾಗ ಗುಡಿಯ ಹಿಂದೆ, ಕೆರೆಯ ಏರಿಯ ಮೇಲೆ ಬರಹವಿರುವ ಕಲ್ಲಿದೆಯೆ ನೋಡಿ. ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರೆ ಜಗಳ ಮಾಡಬೇಡಿ, ಕೂತು ತಿಳಿಸಿ ಹೇಳಿ. ಫೋಟೋ ತೆಗೆಯಿರಿ, ಪುರಾತತ್ವ ಇಲಾಖೆಗೆ ಕನ್ನಡದಲ್ಲಿ ಒಂದು ಅರ್ಜಿ ಬರೆಯಿರಿ. ಕಲ್ಲು ಹಳ್ಳಿಯಲ್ಲೇ ಇರಬೇಕೆಂದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಗಂಗರ ಕಾಲದ, ಸುಮಾರು 750ನೇ ಇಸವಿಯ ವೀರಗಲ್ಲು ಮಣ್ಣಿನಿಂದೆದ್ದು ಬಂತು. ಕಿತ್ತಯ್ಯ ಎಂಬ ವೀರನ ಹೆಸರು ಅದರಲ್ಲಿದೆ. ಅದನ್ನು ಗುರುತಿಸಿ ಉಳಿಸಿದ್ದು ಆಸಕ್ತಿಯಿದ್ದ ನಾಗರಿಕರು. ಹಳಗನ್ನಡ ಲಿಪಿ ಕಲಿಯುವುದು ಕಷ್ಟವಲ್ಲ. ಹೊಸ ಸಾಫ್ಟ್‌ವೇರ್ ಕಲಿಯುವ ನಿಮಗೆ ಐವತ್ತು ಅಕ್ಷರದ ಹಳೆಯ ರೂಪ ಯಾವ ಲೆಕ್ಕ?

ಎರಡನೆಯದು ಕಾಗದದ ಕೆಲಸ. ಇಂದಿನಿಂದ ನಿಮ್ಮ ಸಹಿ ಕನ್ನಡದಲ್ಲಿರಲಿ. ಅರ್ಜಿ ಕನ್ನಡದಲ್ಲಿರಲಿ. ಮದುವೆಯ ಕರೆಯೋಲೆ, ಅಂಗಡಿಯ ರಸೀದಿ, ಸಂಘದ ಲೆಕ್ಕದ ಪುಸ್ತಕ ಕನ್ನಡದಲ್ಲಿರಲಿ. ಕೌಂಟರಿನಲ್ಲಿ ಕನ್ನಡ ಫಾರಂ ಇಲ್ಲವೆಂದರೆ ಗಲಾಟೆ ಮಾಡದೆ, ಗಾಜು ಒಡೆಯದೆ, ಇಲ್ಲವೆಂಬುದನ್ನು ಬರೆದುಕೊಡಿ ಎಂದು ಕೇಳಿ. ಒಬ್ಬ ಕೇಳಿದರೆ ನಗುತ್ತಾರೆ. ದಿನಕ್ಕೆ ನಲವತ್ತು ಜನ ಕೇಳಿದರೆ ಅಚ್ಚು ಹಾಕಿಸುತ್ತಾರೆ.

1917ರಲ್ಲಿ ಆಲೂರು ವೆಂಕಟರಾಯರು ಕರ್ನಾಟಕ ಗತವೈಭವ ಬರೆದಾಗ ಕನ್ನಡಿಗರು ನಾಲ್ಕಾರು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದರು. ಹಳೆಯ ರಾಜರ ಕಥೆ ಹೇಳಿ ಅವರು ಜನರನ್ನು ಎಬ್ಬಿಸಿದರು. 1956ರಲ್ಲಿ ನಾಡು ಒಂದಾಯಿತು. ಆ ತಲೆಮಾರು ನಾಡು ಕಟ್ಟಿಕೊಟ್ಟಿತು. ಅದರೊಳಗೆ ಕನ್ನಡಕ್ಕೆ ಕೆಲಸ ಕೊಡುವುದು ನಮ್ಮ ತಲೆಮಾರಿಗೆ ಬಿಟ್ಟದ್ದು.

ಕಲ್ಯಾಣದ ವಿಕ್ರಮಾದಿತ್ಯನಿಗೆ ನಮ್ಮ ಹೊಗಳಿಕೆ ಬೇಕಿಲ್ಲ. ಅದನ್ನು ಬಿಲ್ಹಣ ಹದಿನೆಂಟು ಸರ್ಗದಲ್ಲಿ ಮುಗಿಸಿದ್ದಾನೆ. ನಾವು ಉಳಿಸಿಕೊಳ್ಳಬೇಕಾದ್ದು ಅವನ ಸೇನಬೋವರು ಬರೆದ ಆ ನ��ುವಿನ ಸಾಲುಗಳ ಕನ್ನಡವನ್ನು, ಎಲ್ಲೆ ಗುರುತಿಸಿದ ಕನ್ನಡವನ್ನು, ಎಣ್ಣೆ ಅಳೆದ ಕನ್ನಡವನ್ನು. ಮುಂದೆ ಯಾರಾದರೂ ನಮ್ಮ ಕಾಲದ ಕಾಗದಗಳನ್ನು ತೆರೆದು ಓದಿದಾಗ, ಈ ಜನ ಕನ್ನಡದಲ್ಲಿ ಬದುಕಿದರೋ ಇಲ್ಲವೋ ಎಂಬುದು ಆ ಸಾಲುಗಳಿಂದಲೇ ಗೊತ್ತಾಗುತ್ತದೆ.